ಮಣೆಯ ಮೇಲೆ ಕೂತ ಬ್ಯಾಟರಿ

ಮಕ್ಸೂದ್ ಸಾಹೇಬರು ಬರಿಗೈಯಲ್ಲಿ ನಡೆಯುವಾಗಲೂ ಏನನ್ನೋ ಹೊತ್ತವರಂತೆ ನಡೆಯುತ್ತಿದ್ದರು. ಮೊಣಕೈಗಳೆರಡೂ ಮೈಯಿಂದ ಒಂದು ಗೇಣು ದೂರ, ಸೊಂಟದ ಮೇಲಿನ ಭಾಗ ತುಸು ಹಿಂದಕ್ಕೆ ವಾಲಿ, ಹೆಜ್ಜೆ ಅಗಲ, ದೃಷ್ಟಿ ಯಾವಾಗಲೂ ಮುಂದಿನ ಮೂರು ಅಡಿ ನೆಲದ ಮೇಲೆ. ಅಮೆರಿಕದ ವುಡ್‌ರಿಡ್ಜ್‌ನ ನಮ್ಮ ಬಡಾವಣೆಯಲ್ಲಿ ಸಂಜೆ ನಾಯಿ ಹಿಡಿದು ತಿರುಗಾಡುವ ಸಜ್ಜನರು ಅದನ್ನು ಬೆನ್ನುನೋವೆಂದೇ ಭಾವಿಸಿದ್ದರು. ಅವರಲ್ಲೊಬ್ಬರು ಕನಿಕರದಿಂದ ತಮ್ಮ ಡಾಕ್ಟರರ ವಿಳಾಸವನ್ನೂ ಕೊಟ್ಟಿದ್ದರಂತೆ. ನೋವಲ್ಲ, ಅದು ಪಿತ್ರಾರ್ಜಿತ. ಗದಗಿನ ಬಸ್‌ಸ್ಟ್ಯಾಂಡಿನ ಹಿಂದೆ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ ಇಟ್ಟಿದ್ದ ಅವರ ತಂದೆ ನಲವತ್ತು ವರ್ಷ ಲಾರಿ, ಟ್ರ್ಯಾಕ್ಟರುಗಳ ಬ್ಯಾಟರಿಗಳನ್ನು, ಆ್ಯಸಿಡ್ ತುಳುಕಿ ಹೊಟ್ಟೆಯ ಮೇಲೆ ಬೀಳದಂತೆ, ಮೈಯಿಂದ ದೂರ ಹಿಡಿದು ಹೊತ್ತವರು. ಮಗ ನಡೆಯಲು ಕಲಿತದ್ದು ಅವರನ್ನು ನೋಡಿ. ಅಪ್ಪ ಹೊತ್ತದ್ದನ್ನೆಲ್ಲ ಮಗ ಸುಮ್ಮಸುಮ್ಮನೆ ಹೊತ್ತು ತಿರುಗುತ್ತಿದ್ದರು ಎಂದರೂ ತಪ್ಪಾಗದು.

ಅವರ ಕೋಟನ್ನೂ ಹೇಳಬೇಕು. ಬೂದು ಬಣ್ಣದ ಒಳ್ಳೆಯ ಉಣ್ಣೆಯ ಕೋಟು, ಮೊಣಕಾಲಿನವರೆಗೆ ಇಳಿಯುವಂಥದ್ದು. ಎದೆಯಿಂದ ಕೆಳಗೆ ಎಲ್ಲೆಲ್ಲೂ ಮೆಣಸಿನ ಕಾಳಿನಷ್ಟು ಗಾತ್ರದ ತೂತುಗಳು. ನುಸಿ ಹಿಡಿದಿದೆ ಎಂದು ಮನೆಗೆ ಬಂದವರು ಮರುಗುತ್ತಿದ್ದರು. ನುಸಿಯಲ್ಲ, ಅದು ಆ್ಯಸಿಡ್. ಅವರ ಹೆಂಡತಿ ಚಾಂದ್ ಬೀ, ನಾವು ಭಾಭಿ ಎಂದು ಕರೆಯುತ್ತಿದ್ದೆವು, ಆ ತೂತುಗಳನ್ನು ಕೈಗೆ ಸಿಕ್ಕ ಬಣ್ಣದ ದಾರದಿಂದ ಹೊಲಿದು ಹೊಲಿದು, ಕೊನೆಗೆ ಆ ಕೋಟಿನ ಮೂಲ ಬಣ್ಣ ಯಾವುದೆಂಬುದೇ ವಿವಾದಾಸ್ಪದವಾಗಿತ್ತು. ಹೊಸ ಕೋಟು ತಂದರೆ ಸಾಹೇಬರು ಅದನ್ನು ಬೀರುವಿನಲ್ಲಿಟ್ಟು, ‘ಇದಕ್ಕ ಯಾಕ್ ತ್ರಾಸ ಕೊಡೂದು’ ಎನ್ನುತ್ತ ಹಳೆಯದನ್ನೇ ಹಾಕಿಕೊಂಡು ಹೊರಡುತ್ತಿದ್ದರು.

ನನಗೆ ಅವರ ಪರಿಚಯವಾದದ್ದು ತೊಂಬತ್ತೇಳರ ನವೆಂಬರಿನಲ್ಲಿ. ನಾವು ವುಡ್‌ರಿಡ್ಜ್‌ಗೆ ಬಂದು ಎರಡು ವಾರವಾಗಿತ್ತು. ಬೆಳಿಗ್ಗೆ ಮನೆಯ ಮುಂದೆ ಕಾರು ಸ್ಟಾರ್ಟ್ ಆಗದೆ ಗೊರಗುಟ್ಟುತ್ತಿತ್ತು, ನಾನು ಅದನ್ನು ಅಚ್ಚ ಮೈಸೂರು ಕನ್ನಡದಲ್ಲಿ ಬಯ್ಯುತ್ತಿದ್ದೆ. ಎದುರು ಮನೆಯಿಂದ ಈ ತೂತು ಕೋಟಿನ ಮನುಷ್ಯ, ಕಾಣದ ಕೊಡವನ್ನು ಹೊತ್ತಂತೆ ರಸ್ತೆ ದಾಟಿ ಬಂದು, ನನ್ನ ಹೆಸರನ್ನೂ ಕೇಳದೆ ಬಾನೆಟ್ ಎತ್ತಿ, ಒಳಗೆ ತಲೆ ಹಾಕಿ, ಅಲ್ಲಿಂದಲೇ ಕೇಳಿದರು: “ಈ ಬ್ಯಾಟರಿಗೆ ಎಷ್ಟು ವರ್ಷ ಆತ್ರಿ?”

ಗೊತ್ತಿಲ್ಲ ಎಂದೆ. ಅವರು ತಲೆ ಹೊರಗೆ ತೆಗೆದು ನನ್ನನ್ನು ನೋಡಿದ ನೋಟವನ್ನು ನಾನು ಮರೆತಿಲ್ಲ. ಹೆತ್ತ ಮಗನ ವಯಸ್ಸು ತಿಳಿಯದ ತಂದೆಯನ್ನೂ ಯಾರೂ ಹಾಗೆ ನೋಡಲಾರರು.

ಎಷ್ಟು ಎಂಬುದು ಅವರ ಮಾತಿನ ಆದಿ ಮತ್ತು ಅಂತ್ಯ. ಎದುರು ಸಿಕ್ಕರೆ ನಮಸ್ಕಾರಕ್ಕೆ ಮೊದಲು ‘ಹೊರಗ ಎಷ್ಟೈತಿ?’ ಎಂದು ಚಳಿಯನ್ನು ವಿಚಾರಿಸುವರು. ನನ್ನ ಹೆಂಡತಿ ಮಂಜರಿ ಜ್ವರವೆಂದು ಮಲಗಿದ್ದರೆ ‘ಎಷ್ಟೈತಿ?’ ನಾನು ಆಫೀಸಿಗೆ ಹೋಗುವ ದಾರಿ, ‘ಎಷ್ಟೈತಿ?’ ಉತ್ತರವಾಗಿ ಸಂಖ್ಯೆ ಹೇಳಿದರೆ ಅವರ ಮುಖ ಸಡಿಲಾಗುತ್ತಿತ್ತು. ‘ಪರವಾಗಿಲ್ಲ’, ‘ಸುಮಾರಾಗಿದೆ’ ಎಂದರೆ ಅವರಿಗೆ ಏನೂ ಹೇಳಿದಂತಾಗುತ್ತಿರಲಿಲ್ಲ, ಮತ್ತೆ ಕೇಳುತ್ತಿದ್ದರು. ಈ ಒಂದು ಪ್ರಶ್ನೆಯಿಂದ ನನಗೆ ತಲೆ ಚಿಟ್ಟು ಹಿಡಿದ ದಿನಗಳು ಬಹಳ.

ಇಂಥವರು ತೊಂಬತ್ತೆಂಟರಲ್ಲಿ ಡೆಟ್ರಾಯಿಟಿನ ಕಡೆಯಿಂದ ಒಂದು ಕೆಂಪು ಸ್ಪೋರ್ಟ್ಸ್ ಕಾರು ತಂದರು. ಎರಡೇ ಸೀಟು, ನೆಲಕ್ಕೆ ಮುತ್ತಿಡುವ ಹಾಗೆ ತಗ್ಗು, ಗಂಟೆಗೆ ನೂರೈವತ್ತು ಮೈಲಿ ಓಡಬಲ್ಲ ಯಂತ್ರ. ಸಾಹೇಬರು ಅದನ್ನು ಮೇ ತಿಂಗಳಿಂದ ಅಕ್ಟೋಬರಿನವರೆಗೆ, ಮಳೆ ಇಲ್ಲದ ಭಾನುವಾರಗಳಂದು ಮಾತ್ರ, ಬಲಗಡೆಯ ಲೇನಿನಲ್ಲಿ, ಐವತ್ತೈದು ಮೈಲಿ ಮೀರದಂತೆ ಓಡಿಸುತ್ತಿದ್ದರು. ಹಾಲಿನ ಲಾರಿಗಳೂ ಹಾರ್ನ್ ಹೊಡೆದು ಮುಂದೆ ಹೋಗುತ್ತಿದ್ದವು. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಮೊದಲೇ, ನವೆಂಬರ್ ಒಂದರಂದು, ಕಾರು ಗ್ಯಾರೇಜಿನಲ್ಲಿ ಬಟ್ಟೆ ಹೊದ್ದು ಮಲಗುವುದು. ಅಷ್ಟರ ಮೇಲೆ ಅವರ ನಿಜವಾದ ಬದುಕು ಶುರುವಾಗುವುದು. ಏಕೆಂದರೆ ಆರು ತಿಂಗಳು ಸುಮ್ಮನೆ ನಿಂತ ಕಾರಿನ ಬ್ಯಾಟರಿ ತನ್ನಷ್ಟಕ್ಕೆ ತಾನೇ ಸೋರಿ ಸಾಯುತ್ತದೆ. ಅದನ್ನು ಬಿಚ್ಚಿ, ಒಳಗೆ ತಂದು, ಆಗಾಗ ಚಾರ್ಜ್ ಮಾಡಿ ಬದುಕಿಸಿಕೊಳ್ಳಬೇಕು. ಭಾಭಿ ಮಂಜರಿಯ ಹತ್ತಿರ ಒಮ್ಮೆ ಹೇಳಿದ್ದರು: “ಇವ್ರು ಕಾರಿಗೆ ಬ್ಯಾಟರಿ ಇಟ್ಟಿಲ್ರಿ, ಬ್ಯಾಟರಿ ಸಲುವಾಗಿ ಕಾರ್ ತಗೊಂಡಾರ.”

ಮೊದಲ ಚಳಿಗಾಲದಲ್ಲಿ ಆ ಬ್ಯಾಟರಿ ಅವರದೇ ಮನೆಯ ಬೇಸ್‌ಮೆಂಟಿನಲ್ಲಿತ್ತು. ಭಾಭಿಯ ಹೊಸ ಕಾರ್ಪೆಟ್ಟಿನ ಮೇಲೆ ಆ್ಯಸಿಡ್ ಚೆಲ್ಲಿ ಊಟದ ತಟ್ಟೆಯಷ್ಟಗಲ ಸುಟ್ಟಿತು. ಇನ್ನು ಈ ಹೊಸಲು ದಾಟಿ ಅದು ಒಳಗೆ ಬಂದರೆ ತಾನು ಹೊರಗೆ ಹೋಗುವುದಾಗಿ ಆಕೆ ಶಾಂತವಾಗಿ ತಿಳಿಸಿದರಂತೆ. ಮರುವರ್ಷ ನವೆಂಬರಿನಲ್ಲಿ ನಮ್ಮ ಬಾಗಿಲ ಗಂಟೆ ಸದ್ದಾಯಿತು. ಸಾಹೇಬರು ನಿಂತಿದ್ದರು, ಈ ಬಾರಿ ಅವರ ನಡಿಗೆಗೆ ತಕ್ಕ ಭಾರ ಕೈಯಲ್ಲಿತ್ತು.

“ನಿಮ್ಮ ಬಟ್ಟಿ ಒಗಿಯೋ ಖೋಲಿ ಒಳಗ ಕಾರ್ಪೆಟ್ ಇಲ್ಲಲ್ರೀ?” ಎಂದರು.

ಇಲ್ಲ ಎಂದು ಸತ್ಯ ಹೇಳಿದ್ದು ನನ್ನ ಜೀವನದ ದೊಡ್ಡ ತಪ್ಪುಗಳಲ್ಲೊಂದು. ಕಾರ್ಪೆಟ್ ಇರಲಿಲ್ಲ, ಆದರೆ ಕಾಂಕ್ರೀಟಿತ್ತು. ಕಾಂಕ್ರೀಟಿನ ಮೇಲೆ ಬ್ಯಾಟರಿ ಇಡಬಾರದು, ಅದು ಕರೆಂಟು ಕುಡಿಯುತ್ತದೆ ಎಂಬುದು ಅವರ ತಂದೆಯ ಅಂಗಡಿಯ ಮೊದಲ ಸೂತ್ರ. ಸಾಹೇಬರೇ, ಆ ಕಾಲದ ಬ್ಯಾಟರಿಗಳ ಡಬ್ಬ ಬೇರೆ, ಈಗಿನದು ಪ್ಲಾಸ್ಟಿಕ್, ನೆಲ ಏನೂ ಕುಡಿಯುವುದಿಲ್ಲ ಎಂದು ನಾನು ವಾದಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು, ಕಪಾಟಿನ ಪಕ್ಕದಲ್ಲಿ ಒರಗಿಸಿಟ್ಟಿದ್ದ ಹಲಸಿನ ಮಣೆಯನ್ನು ಕಾಲಿನಿಂದ ಮೆಲ್ಲಗೆ ಎಳೆದುಕೊಂಡು, ಬ್ಯಾಟರಿಯನ್ನು ಅದರ ಮೇಲೆ ಕೂರಿಸಿದರು. ಮಂಜರಿ ಹಬ್ಬದ ದಿನ ಪೂಜೆಗೆ ಕೂರಲೆಂದು ಮೈಸೂರಿನಿಂದ ಸೂಟ್‌ಕೇಸಿನ ತಳದಲ್ಲಿಟ್ಟು ತಂದ ಮಣೆ ಅದು. ಆ ವರ್ಷದ ದೀಪಾವಳಿಗೆ ಅವಳು ಟವೆಲ್ ಹಾಸಿಕೊಂಡು ಕೂತಳು. “ಮಣೆ ಹಾಕಿ ಕೂರಿಸಿ ಆರು ತಿಂಗಳು ಉಪಚಾರ ಮಾಡೋದು ಅಂದ್ರೆ, ಅಳಿಯನಿಗೂ ಇಲ್ಲ ಕಣ್ರೀ ಈ ಭಾಗ್ಯ” ಎಂದಳು, ನನ್ನನ್ನೇ ನೋಡುತ್ತ.

ಅಂದಿನಿಂದ ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸಾಹೇಬರ ಆಗಮನ. ಮೊದಲು ಚಹಾ. ಆಮೇಲೆ ಬೇಸ್‌ಮೆಂಟಿನ ಬಟ್ಟೆ ಒಗೆಯುವ ಕೋಣೆಗಿಳಿದು, ಬ್ಯಾಟರಿಯ ನೆತ್ತಿಯ ಮೇಲಿನ ಆರು ಮುಚ್ಚಳಗಳನ್ನು ಬಿಚ್ಚಿ ಸಾಲಾಗಿ ಜೋಡಿಸುವರು. ಈಗಿನ ಬ್ಯಾಟರಿಗಳಿಗೆ ಮುಚ್ಚಳವೇ ಇರುವುದಿಲ್ಲ. ಬಿಚ್ಚಲು ಬರುವಂಥದ್ದೇ ಬೇಕೆಂದು ಅವರು ಐದು ಅಂಗಡಿ ಅಲೆದು ತಂದದ್ದು ಅದು. ಒಂದು ಗಾಜಿನ ನಳಿಗೆ, ಅದರ ತಲೆಗೆ ರಬ್ಬರಿನ ಬುರುಡೆ. ಬುರುಡೆ ಹಿಚುಕಿ ಒಂದೊಂದೇ ಸೆಲ್ಲಿನಿಂದ ಆ್ಯಸಿಡ್ ಎಳೆದರೆ ಒಳಗಿನ ಪುಟ್ಟ ಕಡ್ಡಿ ತೇಲಿ ಅದರ ಗಟ್ಟಿತನವನ್ನು ಸಂಖ್ಯೆಯಲ್ಲಿ ತೋರಿಸುತ್ತದೆ. ಅವರ ಅಂಗಡಿ ಭಾಷೆಯಲ್ಲಿ ಅದು ‘ಗ್ರಾವಿಟಿ.’ ಹನ್ನೆರಡು ಅರವತ್ತೈದು, ಅಂದರೆ ಸಾವಿರದ ಇನ್ನೂರ ಅರವತ್ತೈದು, ಬಂದರೆ ಭರ್ತಿ, ಹನ್ನೆರಡು ನೂರಕ್ಕಿಂತ ಇಳಿದರೆ ಹೆಣ. ಒಂದು ಸೆಲ್ಲಿನ ಬಳಿ ಬಂದಾಗ ಮಾತ್ರ ಅವರು ಎರಡೆರಡು ಸಲ ಅಳೆದು, ನಾಲಿಗೆ ಲೊಚಗುಟ್ಟಿ ಮುಂದೆ ಹೋಗುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ. ಕೇಳಿದರೆ ಇನ್ನೂ ಅರ್ಧ ಗಂಟೆ.

ಚಾರ್ಜಿಗೆ ಹಾಕಿದ ಮೇಲೆ ಕಿಟಕಿ ತೆರೆಯುವ ಕಾರ್ಯಕ್ರಮ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಬೆಂಕಿ ಹತ್ತುವ ಗ್ಯಾಸ್ ಬರುತ್ತದೆ, ಅದು ಹೊರಗೆ ಹೋಗಬೇಕು. ಹೊರಗೆ ಫ್ಯಾರನ್‌ಹೀಟಿನ ಐದು ಡಿಗ್ರಿ, ನೀರು ಕಲ್ಲಾಗುವ ಚಳಿ, ಬೇಸ್‌ಮೆಂಟಿನ ಕಿಟಕಿ ಹಾರುಹೊಡೆದು, ಮನೆಯ ಹೀಟರು ಇಡೀ ಡುಪೇಜ್ ಕೌಂಟಿಯನ್ನು ಬೆಚ್ಚಗಿಡುವ ಹಟ ತೊಟ್ಟಂತೆ ಉಬ್ಬಸಪಡುತ್ತ, ನಾವು ಗಂಡಹೆಂಡತಿ ಮಹಡಿಯಲ್ಲಿ ಶಾಲು ಹೊದ್ದು ಕೂತು, ಕೆಳಗೆ ಸಾಹೇಬರು ತೂತು ಕೋಟಿನಲ್ಲಿ ಪರಮ ಸುಖಿಯಾಗಿ ಬಕೆಟ್ಟಿನ ಮೇಲೆ ಕೂತು, ಹೀಗೆ ನಾಲ್ಕು ಗಂಟೆ. ಅದನ್ನು ಬಿಟ್ಟು ಹೋಗಲು ಅವರು ತಯಾರಿಲ್ಲ. ಚಾರ್ಜಿಗೆ ಹಾಕಿದ್ದನ್ನು ಒಬ್ಬಂಟಿ ಬಿಡಬಾರದೆಂಬುದು ಎರಡನೆಯ ಸೂತ್ರ.

ಇದರಲ್ಲಿ ನನಗೆ ಅತ್ಯಂತ ಸಿಟ್ಟು ಬರಿಸುತ್ತಿದ್ದ ಸಂಗತಿಯೊಂದಿದೆ. ಇಟಾಸ್ಕಾದಲ್ಲಿ ಅವರು ಕೆಲಸ ಮಾಡುತ್ತಿದ್ದ ಕಂಪನಿ ತಯಾರಿಸುತ್ತಿದ್ದುದು ಬೇರೇನನ್ನೂ ಅಲ್ಲ, ತಾನೇ ಚಾರ್ಜ್ ಮಾಡಿ, ತುಂಬಿದಾಗ ತಾನೇ ನಿಂತು, ಇಳಿದಾಗ ತಾನೇ ಮತ್ತೆ ಹಿಡಿಯುವ ಪುಟ್ಟ ಚಾರ್ಜರುಗಳನ್ನು. ಅವನ್ನು ಪರೀಕ್ಷಿಸಿ ‘ಸರಿಯಿದೆ’ ಎಂದು ಸಹಿ ಹಾಕುವವರೇ ಮಕ್ಸೂದ್ ಸಾಹೇಬರು. ಅವರ ಸಹಿಯನ್ನು ನಂಬಿ ಅಮೆರಿಕದ ಸಾವಿರಾರು ಜನ ಚಳಿಗಾಲವಿಡೀ ನಿಶ್ಚಿಂತರಾಗಿ ಬಿಸಿಲಿನ ಫ್ಲಾರಿಡಾಕ್ಕೆ ಹೋಗುತ್ತಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಒಂದನ್ನು ತಂದು ಇಲ್ಲಿ ಸಿಕ್ಕಿಸಬಾರದೇ ಎಂದು ನಾನು ಕೇಳಿದಾಗಲೆಲ್ಲ ಒಂದೇ ಉತ್ತರ: “ಮಷೀನ್ ಛಲೋನ ಐತ್ರಿ. ಆದ್ರ ಅದು ನೋಡಂಗಿಲ್ಲಲ್ರೀ.”

ಹೀಗಾಗಿ ಆ ದಂಪತಿಗೆ ನವೆಂಬರಿನಿಂದ ಏಪ್ರಿಲಿನವರೆಗೆ ಊರಿಲ್ಲ, ನೆಂಟರಿಲ್ಲ. ಮಗಳು ಮನಾಲ್ ಆನ್ ಆರ್ಬರಿನಲ್ಲಿ ಓದಿ ಅಲ್ಲೇ ಆಸ್ಪತ್ರೆಯಲ್ಲಿ ಡಾಕ್ಟರಾದಳು. ಅವಳ ಪದವಿ ಪ್ರದಾನ ಡಿಸೆಂಬರಿನ ಒಂದು ಶನಿವಾರ. ಮರುದಿನ ಚಾರ್ಜಿನ ಭಾನುವಾರ. ಸಾಹೇಬರು ಬೆಳಿಗ್ಗೆ ಇನ್ನೂರ ನಲವತ್ತು ಮೈಲಿ ಡ್ರೈವ್ ಮಾಡಿ, ಅವಳು ವೇದಿಕೆ ಹತ್ತಿ ಇಳಿದದ್ದನ್ನು ನೋಡಿ, ಊಟಕ್ಕೂ ಕೂರದೆ ಇನ್ನೂರ ನಲವತ್ತು ಮೈಲಿ ವಾಪಸು ಬಂದರು. ಆ ಹುಡುಗಿ ಬೇಸಿಗೆಯಲ್ಲಿ ಬಂದಾಗ ನಗುನಗುತ್ತಲೇ ನನಗೆ ಹೇಳಿದಳು: “ಅಂಕಲ್, ಐ ಶುಡ್ ಹ್ಯಾವ್ ಬೀನ್ ಬಾರ್ನ್ ವಿತ್ ಟೂ ಟರ್ಮಿನಲ್ಸ್.” ನಗು ತುಟಿಯ ಮೇಲಷ್ಟೇ ಇತ್ತು.

ಎರಡು ಸಾವಿರದ ನಾಲ್ಕರ ಜನವರಿ. ಮನಾಲ್ ಗರ್ಭಿಣಿ, ಹೆರಿಗೆಗೆ ಏಪ್ರಿಲ್ ಕೊಟ್ಟಿದ್ದರು. ಸಂಕ್ರಾಂತಿಯ ಆಸುಪಾಸಿನ ಒಂದು ಮಧ್ಯಾಹ್ನ ಭಾಭಿಗೆ ಫೋನ್ ಬಂತು: ಮಗು ಆಗಲೇ ಹುಟ್ಟಿಬಿಟ್ಟಿದೆ, ಗಂಡು, ಎರಡೂವರೆ ಪೌಂಡಿಗೂ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ, ಏನನ್ನೂ ಹೇಳಲಾಗದು. ಭಾಭಿ ಇದ್ದ ಬಟ್ಟೆಯಲ್ಲಿ ಕಾರಿನಲ್ಲಿ ಹೋಗಿ ಕೂತರು. ಸಾಹೇಬರು ನಮ್ಮ ಬಾಗಿಲಿಗೆ ಬಂದರು. ಕೈಯಲ್ಲಿ ಬ್ಯಾಟರಿ ನೋಡಿಕೊಳ್ಳುವ ಸೂಚನೆಗಳನ್ನು ಎರಡೂ ಮಗ್ಗುಲು ಬರೆದ ಒಂದು ಹಾಳೆ, ಆ ಗಾಜಿನ ನಳಿಗೆ. ಇಂಥ ಹೊತ್ತಿನಲ್ಲೂ ಅವರು ಹಾಳೆ ಬರೆದದ್ದು ಕಂಡು ನನಗೆ ಅಸಹ್ಯವೇ ಆಯಿತು ಎಂದು ಒಪ್ಪಿಕೊಳ್ಳುತ್ತೇನೆ.

“ಪ್ರಸನ್ನ ಅವರೇ, ದಿನಾ ಸಂಜಿ ಏಳಕ್ಕ ಫೋನ್ ಮಾಡ್ತೀನಿ. ಆರೂ ಸೆಲ್ಲಿನ ಗ್ರಾವಿಟಿ ಹೇಳ್ರಿ.”

“ಎರಡು ವಾರಕ್ಕೊಂದ್ಸಲ ತಾನೇ ನೋಡೋದು?”

“ಈ ಸಲ ಥಂಡಿ ಭಾಳ ಐತ್ರಿ,” ಎಂದು ಅವರು ಹೊರಟೇಹೋದರು.

ನಾನು ಎರಡು ದಿನ ಅಳೆದದ್ದುಂಟು. ಎರಡನೆಯ ದಿನ ನನ್ನ ಪ್ಯಾಂಟಿಗೆ ಮೂರು ತೂತು ಬಿದ್ದವು. ಮೂರನೆಯ ದಿನ ಅಂಗಡಿಗೆ ಹೋಗಿ ಅಂಥದೊಂದು ತಾನೇ ನೋಡಿಕೊಳ್ಳುವ ಚಾರ್ಜರು ತಂದು, ಕೆಂಪು ತಂತಿ ಕೆಂಪಿಗೆ, ಕಪ್ಪು ತಂತಿ ಕಪ್ಪಿಗೆ ಸಿಕ್ಕಿಸಿ, ಹಸಿರು ದೀಪ ಹತ್ತಿದ್ದು ನೋಡಿ, ಕಿಟಕಿಯನ್ನು ಎರಡು ಬೆರಳಷ್ಟು ಮಾತ್ರ ತೆರೆದಿಟ್ಟು, ಮೇಲೆ ಬಂದು ಬಿಸಿ ಕಾಫಿ ಕುಡಿದೆ. ಮುಂದಿನ ಹನ್ನೊಂದು ವಾರ ಆ ನಳಿಗೆಯನ್ನು ನಾನು ಮುಟ್ಟಲಿಲ್ಲ. ಸಂಜೆ ಏಳಕ್ಕೆ ಫೋನ್ ಬರುತ್ತಿತ್ತು.

“ಎಷ್ಟೈತ್ರಿ?”

“ಹನ್ನೆರಡು ಅರವತ್ತೈದು.”

“ಆರೂ?”

“ಆರೂ.”

“ಛಲೋ ಆತ್ರಿ.”

ಅಷ್ಟೇ. ಮಗು ಹೇಗಿದೆ ಎಂದು ನಾನು ಕೇಳಿದರೆ ‘ಐತ್ರಿ’ ಎಂದು ಇಟ್ಟುಬಿಡುವರು. ಮಗುವಿನ ಸಮಾಚಾರ ನಮಗೆ ಬರುತ್ತಿದ್ದುದು ಭಾಭಿಯಿಂದ, ಮಂಜರಿಯ ಮೂಲಕ. ಒಂದು ವಾರ ಉಸಿರು ನಿಂತು ನಿಂತು ಬರುತ್ತಿತ್ತಂತೆ. ಇನ್ನೊಂದು ವಾರ ತೂಕ ಏರುವ ಬದಲು ಇಳಿಯಿತಂತೆ. ಸಾಹೇಬರು ಆ ಪೆಟ್ಟಿಗೆಯ ಪಕ್ಕ ನಿಂತು, ಮೇಲಿನ ಪರದೆಯಲ್ಲಿ ಮಿಣುಕುವ ಅಂಕಿಗಳನ್ನು ಓದುತ್ತ, ಬಂದ ನರ್ಸುಗಳನ್ನೆಲ್ಲ ‘ಹೌ ಮಚ್?’ ಎಂದು ಕೇಳಿ ಕೇಳಿ, ಕೊನೆಗೆ ನರ್ಸುಗಳು ಪರದೆಯನ್ನೇ ಇವರ ಕಡೆ ತಿರುಗಿಸಿಟ್ಟರಂತೆ. ಅಲ್ಲಿಯೂ ಅದೇ ಚಾಳಿ ಎಂದು ನಾನು ಹಲ್ಲು ಕಡಿದೆ.

ಫೆಬ್ರವರಿಯಲ್ಲಿ ಒಂದು ದಿನ ನನ್ನ ತಾಳ್ಮೆ ಮುಗಿಯಿತು. ಮಗುವಿಗೆ ಮತ್ತೆ ಉಸಿರಿನ ನಳಿಗೆ ಹಾಕಿದ್ದಾರೆಂದು ಮಧ್ಯಾಹ್ನ ಸುದ್ದಿ ಬಂದಿತ್ತು, ಮಂಜರಿ ದೇವರ ಮುಂದೆ ದೀಪ ಹಚ್ಚಿ ಅಳುತ್ತಿದ್ದಳು. ಏಳಕ್ಕೆ ಸರಿಯಾಗಿ ಫೋನ್, ‘ಎಷ್ಟೈತ್ರಿ?’

“ಸಾಹೇಬ್ರೇ,” ಎಂದೆ, “ನಿಮಗೆ ಮೊಮ್ಮಗು ಮುಖ್ಯಾನೋ, ಬ್ಯಾಟರಿ ಮುಖ್ಯಾನೋ? ಮನುಷ್ಯರಾ ನೀವು?”

ಆಚೆ ಕಡೆ ಯಾವುದೋ ಯಂತ್ರ ಸಣ್ಣಗೆ ಗಂಟೆ ಹೊಡೆಯುತ್ತಿತ್ತು.

“ಆರೂ ಅರವತ್ತೈದು ಏನ್ರಿ?” ಎಂದರು.

“ಆರೂ ಅರವತ್ತೈದು,” ಎಂದು ನಾನೇ ಮೊದಲು ಫೋನ್ ಇಟ್ಟೆ. ಇಟ್ಟ ಮೇಲೆ, ಈ ಜಿಗುಟು ಮನುಷ್ಯನಿಗೆ ಒಳ್ಳೆಯ ಚಳ್ಳೆಹಣ್ಣು ತಿನ್ನಿಸುತ್ತಿದ್ದೇನೆ ಎಂಬ ಸಮಾಧಾನವಾದರೂ ನನಗೆ ಆ ರಾತ್ರಿ ಇತ್ತು. ಅಲ್ಲದೆ ನನ್ನ ಸುಳ್ಳಿಲ್ಲದಿದ್ದರೆ ಅವರು ಎಂದೋ ಬ್ಯಾಟರಿ ನೋಡಲು ಓಡಿಬಂದಿರುತ್ತಿದ್ದರು, ಮಗಳನ್ನು ಆ ಪೆಟ್ಟಿಗೆಯ ಪಕ್ಕದಲ್ಲಿ ಬಿಟ್ಟು. ಪದವಿಯ ದಿನ ಬಿಟ್ಟು ಬಂದವರಲ್ಲವೇ. ಅವರನ್ನು ಅಲ್ಲಿ ನಿಲ್ಲಿಸಿದವನು ನಾನೇ ಎಂದು ಮಂಜರಿಯ ಮುಂದೆ ಕೊಚ್ಚಿಕೊಂಡೆ ಕೂಡ.

ಮಗು ಬದುಕಿತು. ಅರ್ಹಾನ್ ಎಂದು ಹೆಸರಿಟ್ಟರು. ಮಾರ್ಚ್ ಕೊನೆಗೆ ಐದು ಪೌಂಡ್ ತೂಗಿ ಮನೆಗೆ ಬಂತು, ಮರುವಾರ ಸಾಹೇಬರೂ ವುಡ್‌ರಿಡ್ಜ್‌ಗೆ ಬಂದರು. ಭಾನುವಾರ ಹತ್ತಕ್ಕೆ ಬಾಗಿಲ ಗಂಟೆ ಸದ್ದಾಯಿತು. ಚಾರ್ಜರನ್ನು ಬಚ್ಚಿಡಬೇಕೆಂದು ನಾನು ಕೆಳಗೆ ಓಡುವಷ್ಟರಲ್ಲಿ ಮಂಜರಿ ಬಾಗಿಲು ತೆಗೆದಾಗಿತ್ತು. ಎಂದಿನಂತೆ ಮೊದಲು ಚಹಾ. ಕೋಟು ಇನ್ನಷ್ಟು ಸಡಿಲವಾಗಿ ಜೋತಿತ್ತು; ಮುಖದಲ್ಲಿ ಹತ್ತು ವರ್ಷ ಹೆಚ್ಚಾಗಿತ್ತು.

ಕೆಳಗೆ ಹೋಗಿ ಅವರು ಹಸಿರು ದೀಪವನ್ನು ನೋಡಿದರು. ಚಾರ್ಜರನ್ನು ಮಗುಚಿ ಬುಡ ನೋಡಿದರು; ಅವರದೇ ಕಂಪನಿಯದು. ಅದನ್ನು ಪಕ್ಕಕ್ಕಿಟ್ಟು, ಆರು ಮುಚ್ಚಳ ಬಿಚ್ಚಿ ಜೋಡಿಸಿ, ನಳಿಗೆ ಇಳಿಸಿದರು. ಮೊದಲನೆಯದು ಅರವತ್ತೈದು. ಎರಡನೆಯದು ಅರವತ್ತು. ಮೂರನೆಯದಕ್ಕೆ ಬಂದಾಗ ಎರಡು ಸಲ ಅಳೆದು, ನಳಿಗೆಯನ್ನು ಬೆಳಕಿಗೆ ಹಿಡಿದು, ನನ್ನನ್ನು ಹತ್ತಿರ ಕರೆದು ತೋರಿಸಿದರು. ಕಡ್ಡಿ ನಲವತ್ತರಲ್ಲಿ ತೇಲುತ್ತಿತ್ತು.

“ಈ ಮೂರನೇದ್ದು ಎಂದೂ ಹನ್ನೆರಡು ನಲವತ್ತು ದಾಟಿಲ್ರಿ,” ಎಂದರು. “ತಂದ ವರ್ಷದಿಂದ ಹಿಂಗ ಐತಿ.”

ನನಗೆ ನೆಲ ಬಿರಿದರೆ ಸಾಕಾಗಿತ್ತು. “ಹಾಗಾದ್ರೆ ನಿಮಗೆ...”

“ಆರೂ ಅರವತ್ತೈದು ಅಂದ್ರಲ್ರೀ, ಅವತ್ತಽ ಗೊತ್ತಾತು. ನೀವು ನೋಡವಲ್ರಿ ಅಂತ.”

“ಗೊತ್ತಿದ್ದೂ ಸುಮ್ಮನಿದ್ರಾ? ಬ್ಯಾಟರಿ ಸತ್ತೇಹೋಗಿದ್ದಿದ್ರೆ?”

“ಸತ್ತಿರಬೇಕು ಅಂತನಽ ತಿಳಕೊಂಡಿದ್ದೆ.” ಅವರು ಮುಚ್ಚಳವನ್ನು ಬಟ್ಟೆಯಿಂದ ಒರೆಸುತ್ತಿದ್ದರು. “ಮಗಳ್ನ ಬಿಟ್ಟು ಹೆಂಗ್ ಬರ್ಲಿ?”

“ಮತ್ತೆ ದಿನಾ ಯಾಕೆ ಫೋನ್ ಮಾಡಿದ್ರಿ ಸಾಹೇಬ್ರೇ? ಸುಳ್ಳು ಅಂತ ಗೊತ್ತಿದ್ದ ಮೇಲೆ?”

ಅವರು ನಾಲ್ಕನೆಯ ಸೆಲ್ಲಿಗೆ ನಳಿಗೆ ಇಳಿಸಿ, ಬುರುಡೆ ಹಿಚುಕಿ, ಕಡ್ಡಿ ನಿಲ್ಲುವವರೆಗೆ ಕಾದರು.

“ಅಲ್ಲಿ ಯಾರೂ ಛಲೋ ನಂಬರ್ ಹೇಳ್ತಿದ್ದಿಲ್ರಿ,” ಎಂದರು.

ಇದಾದ ಮೇಲೆ ಅವರು ಬದಲಾದರು ಎಂದು ಬರೆಯಲು ನನಗೂ ಆಸೆ. ಆಗಲಿಲ್ಲ. ಅದೇ ನವೆಂಬರ್ ಒಂದರಂದು ಬ್ಯಾಟರಿ ಬಂತು, ಮಣೆ ಹೋಯಿತು, ಕಿಟಕಿ ತೆರೆಯಿತು; ಚಾರ್ಜರನ್ನು ಅವರೇ ಬಟ್ಟೆಯಲ್ಲಿ ಸುತ್ತಿ, ‘ನಿಮ್ಮ ಕಾರಿಗೆ ಹಾಕ್ಕೋರಿ’ ಎಂದು ನನಗೆ ವಾಪಸು ಕೊಟ್ಟರು. ಮಂಜರಿ ಮೈಸೂರಿನಿಂದ ಇನ್ನೊಂದು ಮಣೆ ತಂದುಕೊಂಡಳು. ಒಂದು ವ್ಯತ್ಯಾಸ ಮಾತ್ರ ಆಯಿತು: ಚಾರ್ಜಿನ ಭಾನುವಾರಗಳ ನಡುವಿನ ವಾರಾಂತ್ಯಗಳಲ್ಲಿ ಅವರು ಆನ್ ಆರ್ಬರಿಗೆ ಹೋಗತೊಡಗಿದರು, ಅಲ್ಲಿಂದ ಸಂಜೆ ಏಳಕ್ಕೆ ಫೋನ್ ಮಾಡತೊಡಗಿದರು. ನಾನು ಸೋಫಾದಿಂದ ಏಳದೆಯೇ ಹನ್ನೆರಡು ಅರವತ್ತೈದು ಎನ್ನುತ್ತಿದ್ದೆ. ಒಮ್ಮೆ ಅವರೇ, ‘ಮೂರನೇದ್ದು ನಲವತ್ತು ಅನ್ರಿ, ಖರೆ ಅನಸ್ತೈತಿ’ ಎಂದು ತಿದ್ದಿದರು.

ಇಂಥ ಜನ ಎಲ್ಲ ಊರಲ್ಲೂ ಇದ್ದಾರೆ. ಅವರ ಕಾಳಜಿಯೆಲ್ಲ ಒಂದು ಬ್ಯಾಟರಿಯ ಮೇಲೋ, ಬಾವಿಯ ರಾಟೆಯ ಮೇಲೋ, ಮುಳ್ಳು ನಿಂತ ಗಡಿಯಾರದ ಮೇಲೋ ಹರಿದು ವ್ಯರ್ಥವಾಗುತ್ತಿದೆ ಎಂದು ಅವರ ಹೆಂಡಿರು ಮಕ್ಕಳು ಕೊರಗುತ್ತಾರೆ. ಆ ಕೊರಗಿನಲ್ಲಿ ಸತ್ಯವಿದೆ, ಮನಾಲ್‌ಳ ಪದವಿಯ ದಿನದ ಊಟವನ್ನು ಯಾರೂ ಅವಳಿಗೆ ಹಿಂದಿರುಗಿಸಲಾರರು. ಮಾತಿನಲ್ಲಿ ಮರುಕ ತೋರಲು ಬಾರದವರು, ಕಣ್ಣೀರಿಗೂ ಒಂದು ಅಳತೆಗೋಲು ಹುಡುಕುವವರು, ತಾವು ಹೆದರಿದ್ದೇವೆಂದು ಹೇಳುವ ಬದಲು ಎಷ್ಟೈತಿ ಎಂದು ಕೇಳುವವರು. ಅವರೊಂದಿಗೆ ಬದುಕುವುದು ಕಷ್ಟ, ಅವರ ಎದುರು ಮನೆಯಲ್ಲಿರುವುದು ಇನ್ನೂ ಕಷ್ಟ. ಅಂಥವರನ್ನು ಬಯ್ಯದೆ ನನ್ನಿಂದ ಇರಲಾಗಿಲ್ಲ. ಆದರೆ ಸಂಜೆ ಏಳಕ್ಕೆ ಫೋನ್ ಬಂದಾಗ ಎತ್ತದೆ ಇರಲೂ ಆಗಿಲ್ಲ.